ಅವಲಕ್ಕಿ ಸರ ಸುತ್ತಿದ್ದ ಚೀಟಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಣ್ಣನಿಗೆ ಕೆಪ್ಪಟೆ ಬಂದಾಗ ನಾನು ಎಂ.ಎ. ಮೊದಲ ವರ್ಷದಲ್ಲಿದ್ದೆ ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಎರಡನೆಯ ವರ್ಷವೂ ಆಗಿರಬಹುದು. ಆಸ್ಪತ್ರೆಯ ಬೆಂಚು ಹಸಿರು ಬಣ್ಣದ್ದು ಎಂದು ನೆನಪಿದೆ, ಆದರೆ ನನ್ನ ನೆನಪಿನಲ್ಲಿ ಎಲ್ಲ ಆಸ್ಪತ್ರೆಗಳ ಬೆಂಚುಗಳೂ ಹಸಿರೇ. ಹದಿನಾರನೆಯ ವಯಸ್ಸಿನಿಂದ ದಿನಚರಿ ಬರೆಯುತ್ತಿರುವವಳು, ಅದರ ಬಗ್ಗೆ ಸ್ವಲ್ಪ ಜಂಬವನ್ನೂ ಪಟ್ಟವಳು, ಆ ವಾರದ ಪುಟ ತೆಗೆದು ನೋಡಿದರೆ ಇರುವುದು ಇಷ್ಟೇ: ‘ಅಣ್ಣನಿಗೂ ಕೆಪ್ಪಟೆ. ಸೆಮಿನಾರ್ ಮುಂದೆ ಹಾಕಿ ಎಂದರೆ ಒಪ್ಪಲಿಲ್ಲ. ಎಂಥ ಜನ.’ ಎಂಥ ಜನ ಎಂದದ್ದು ನಮ್ಮ ವಿಭಾಗದ ಅಧ್ಯಾಪಕರನ್ನು. ಅಣ್ಣನ ಬಗ್ಗೆ ಎರಡು ಪದ, ನನ್ನ ಸೆಮಿನಾರಿನ ಬಗ್ಗೆ ಉಳಿದದ್ದೆಲ್ಲ. ಬೇಕಾದ ಹೊತ್ತಿಗೆ ಕೈಕೊಡುವ ಇಂಥ ದಿನಚರಿಯನ್ನು ಯಾವ ಸುಖಕ್ಕೆ ಬರೆದೆನೋ ತಿಳಿಯದು.

ಕೆಪ್ಪಟೆ ಅಂದರೆ ಮಂಗನಬಾವು. ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಊದಿಕೊಂಡು ಮುಖ ಅಗಲವಾಗುತ್ತದೆ, ಹುಳಿ ನೆನೆದರೂ ನೋಯುತ್ತದೆ. ಮೊದಲು ಬಂದದ್ದು ನನಗೆ. ಬಿಡದಿಯಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಆ ನೂಕುನುಗ್ಗಲಿನಲ್ಲಿ ಯಾರಿಂದ ತಂದೆನೋ. ವಾರಕ್ಕೆ ಇಳಿಯಿತು. ಇಳಿದದ್ದು ದೊಡ್ಡಮ್ಮನ ಅವಲಕ್ಕಿ ಸರದಿಂದ ಎಂದು ನಮ್ಮ ಬೀದಿಯವರೆಲ್ಲ ಒಪ್ಪಿದರು.

ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ. ಅಕ್ಕತಂಗಿಯರನ್ನು ಒಂದೇ ಊರಿನ ಒಂದೇ ಬೀದಿಗೆ ಕೊಟ್ಟಿದ್ದರು, ಹಾಗಾಗಿ ನಮ್ಮ ಮನೆಯ ವಿಚಾರಗಳಲ್ಲಿ ಅರ್ಧ ಆ ಮನೆಯ ಜಗಲಿಯಲ್ಲೇ ತೀರ್ಮಾನವಾಗುತ್ತಿದ್ದವು. ಅವಲಕ್ಕಿ ಕಾಳಿನ ಹಾಗೆ ಚಪ್ಪಟೆ ಗುಂಡುಗಳನ್ನು ಪೋಣಿಸಿದ ಆ ಚಿನ್ನದ ಸರ ದೊಡ್ಡಮ್ಮನ ಅತ್ತೆಯ ಕಾಲದ್ದು. ಕೆಪ್ಪಟೆ ಬಂದವರ ಕೊರಳಿಗೆ ಅದನ್ನು ಹಾಕಬೇಕು, ಬಾವು ಪೂರ್ತಿ ಇಳಿಯುವವರೆಗೆ ತೆಗೆಯಬಾರದು, ಇಳಿದ ಮೇಲೆ ಸೀಗೆನೀರಿನಲ್ಲಿ ತೊಳೆದು, ಅರಿಶಿನ ಕುಂಕುಮದ ಜೊತೆ ಪೊಟ್ಟಣ ಕಟ್ಟಿ ಹಿಂದಿರುಗಿಸಬೇಕು. ಬೀದಿಯಲ್ಲಿ ಅದನ್ನು ಹಾಕಿಕೊಳ್ಳದ ಕೊರಳು ಇರಲಿಲ್ಲ. ದೊಡ್ಡಮ್ಮ ಯಾರಿಗೂ ಇಲ್ಲ ಎಂದವರಲ್ಲ. ಅದೊಂದು ವಿಷಯದಲ್ಲಿ ಅವರು ಡಾಕ್ಟರಿಗಿಂತ ಒಂದು ಕೈ ಮೇಲು ಎಂಬ ನಂಬಿಕೆ ಅವರಿಗೇ ಇತ್ತು.

ಅಪ್ಪ ಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಮುಕ್ಕಾಲು ಎಕರೆ ಹಿಪ್ಪುನೇರಳೆ, ಮನೆಯ ಹಿಂದೆ ರೇಷ್ಮೆಹುಳು ಸಾಕುವ ಉದ್ದನೆಯ ಕೋಣೆ, ಇಷ್ಟನ್ನು ಅಮ್ಮ ನಡೆಸುತ್ತಿದ್ದಳು. ಬೆಳೆ ಕೈಗೆ ಬಂದಾಗ ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕಿ ಬರುವುದು ಅಣ್ಣನ ಕೆಲಸ. ಸುತ್ತ ಹೊಲಗಳಲ್ಲಿ ಸರ್ವೆ ಕಲ್ಲುಗಳು ಬಿದ್ದಿದ್ದವು, ಕೈಗಾರಿಕಾ ಪ್ರದೇಶ ವರ್ಷಕ್ಕಷ್ಟು ನಮ್ಮ ಕಡೆ ಸರಿಯುತ್ತಿತ್ತು, ಬೆಳಿಗ್ಗೆ ಕೋಳಿಗಿಂತ ಮೊದಲು ಕಂಪನಿ ಬಸ್ಸುಗಳ ಹಾರನ್ ಕೇಳುತ್ತಿತ್ತು. ಅಣ್ಣ ಐ.ಟಿ.ಐ. ಮುಗಿಸಿ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರನಾಗಿ ಸೇರಿದ್ದ. ಬಂಪರುಗಳಿಗೆ ಬಣ್ಣ ಹೊಡೆಯುವ ವಿಭಾಗ. ಹೇಳದೆ ನಾಲ್ಕು ದಿನ ತಪ್ಪಿಸಿಕೊಂಡರೆ ಗುತ್ತಿಗೆದಾರ ಹೆಸರು ಹೊಡೆದುಹಾಕುತ್ತಿದ್ದ.

ಇಲ್ಲಿ ಅಮ್ಮನ ಬಗ್ಗೆ ಒಂದು ಮಾತು ಹೇಳಬೇಕು, ಈಗಲೂ ನೆನೆದರೆ ನನಗೆ ಹಲ್ಲು ಕಡಿಯುವಂತಾಗುತ್ತದೆ. ರೇಷ್ಮೆಹುಳುವಿಗೆ ಹಾಲುರೋಗ ಅಂತ ಒಂದು ಬರುತ್ತದೆ. ಹುಳು ಊದಿಕೊಂಡು, ಚರ್ಮ ಮಿಂಚಿ, ಒಡೆದರೆ ಹಾಲಿನಂಥ ನೀರು. ಒಂದಕ್ಕೆ ಬಂದರೆ ತಟ್ಟೆಗೆಲ್ಲ, ತಟ್ಟೆಯಿಂದ ಕೋಣೆಗೆಲ್ಲ. ಅಮ್ಮ ತೆಂಗಿನಗರಿ ಕಡ್ಡಿಯಲ್ಲಿ ಅಂಥ ಹುಳುವನ್ನು ಎತ್ತಿ ಸುಣ್ಣದ ನೀರಿಗೆ ಹಾಕುತ್ತಿದ್ದಳು, ಬಾಗಿಲಲ್ಲಿ ಪುಡಿಸುಣ್ಣ ಹರಡಿ ಅದರ ಮೇಲೆ ಕಾಲಿಟ್ಟೇ ಒಳಗೆ ಬರಬೇಕು ಎನ್ನುತ್ತಿದ್ದಳು. ನನಗೆ ಕೆಪ್ಪಟೆ ಬಂದ ದಿನ ಮೊದಲು ಮಾಡಿದ ಕೆಲಸವೆಂದರೆ ನನ್ನನ್ನು ಹುಳುವಿನ ಕೋಣೆಗೆ ಬರಬೇಡ ಎಂದದ್ದು. ಹುಳುವಿಗೆ ತಗುಲೀತು ಎಂದು ಭಯ. ಅದೇ ಕೈಯಲ್ಲಿ ನನ್ನ ಲೋಟದಲ್ಲೇ ಅಣ್ಣನಿಗೆ ಕಾಫಿ ಕೊಟ್ಟಳು, ಅಣ್ಣನ ಚಾಪೆಯನ್ನು ನನ್ನ ಚಾಪೆಯ ಪಕ್ಕದಲ್ಲೇ ಹಾಸಿದಳು. ರೋಗ ಒಬ್ಬರಿಂದ ಒಬ್ಬರಿಗೆ ಹೇಗೆ ಹೋಗುತ್ತದೆ ಎಂದು ಆ ಮನೆಯಲ್ಲಿ ಅವಳಷ್ಟು ತಿಳಿದವರು ಇರಲಿಲ್ಲ. ಸಮಾಜಶಾಸ್ತ್ರ ಓದುತ್ತಿದ್ದ ನಾನೂ ಆ ಚಾಪೆ ಸರಿಸಲಿಲ್ಲ, ಅದನ್ನೂ ಬರೆದುಬಿಡುತ್ತೇನೆ.

ನನಗೆ ಇಳಿದು ಎರಡು ವಾರವೋ ಇನ್ನೊಂದಿಷ್ಟೋ ಆದ ಮೇಲೆ ಅಣ್ಣನಿಗೆ ಎರಡೂ ಕಡೆ ದವಡೆ ಊದಿತು. ದೊಡ್ಡಮ್ಮನ ಮನೆಯಿಂದ ಮತ್ತೆ ಸರ ಬಂತು. ಅಣ್ಣನ ಮೀಸೆಯ ಕೆಳಗೆ ಅವಲಕ್ಕಿ ಸರ ನೋಡಿ ಅವನ ಸ್ನೇಹಿತರು, ಏನ್ಲಾ ಮದುವಣಗಿತ್ತಿ, ಯಾವಾಗ್ಲಾ ಧಾರೆ ಎಂದು ಕೇಳಿ ಹೋದರು. ಮೂರು ದಿನ ಮಲಗಿದ. ನಾಲ್ಕನೆಯ ದಿನ ಜ್ವರವಿದ್ದಾಗಲೇ ಎದ್ದು, ಮಫ್ಲರ್ ಸುತ್ತಿಕೊಂಡು ಕಂಪನಿ ಬಸ್ಸು ಹತ್ತಿದ. ಅಮ್ಮ ತಡೆಯಲಿಲ್ಲ. ಸರ ಮಾತ್ರ ತೆಗೀಬೇಡ ಎಂದು ಬಾಗಿಲವರೆಗೆ ಬಂದು ಹೇಳಿದಳು.

ಬಣ್ಣದ ವಿಭಾಗದ ಬಾಗಿಲಲ್ಲಿ ಉಂಗುರ, ವಾಚು, ಸರ, ಬೆಲ್ಟಿನ ಬಕಲ್ ಎಲ್ಲ ತೆಗೆಸುತ್ತಿದ್ದರು. ಬಂಪರಿಗೆ ಒಂದು ಗೀರು ಬಿದ್ದರೆ ಇಡೀ ತುಂಡು ವಾಪಸ್ಸು. ಅಣ್ಣ ಸರ ಬಿಚ್ಚಿ ಟಿಫಿನ್ ಡಬ್ಬಿಯೊಳಗೆ ಉಪ್ಪಿಟ್ಟಿನ ಪಕ್ಕ ಇಟ್ಟು ಒಳಗೆ ಹೋದ, ಸಂಜೆ ಒರೆಸಿಕೊಂಡು ಹಾಕಿಕೊಂಡು ಬಂದ. ಅದಾದ ಎರಡೋ ಮೂರೋ ದಿನಕ್ಕೆ ದವಡೆ ಇಳಿಯಿತು, ಮತ್ತೆ ಚಳಿಜ್ವರ ಹತ್ತಿತು, ನಡಿಗೆ ಕೆಟ್ಟಿತು. ಕಾಲು ಅಗಲಿಸಿಕೊಂಡು ಬಸ್ಸಿನಿಂದ ಇಳಿದವನನ್ನು ಜೊತೆಯವನು, ಯಾಕ್ಲಾ, ಕುದುರೆ ಮೇಲಿಂದ ಈಗ ತಾನೆ ಇಳಿದ್ಯೇನ್ಲಾ ಎಂದು ಕೇಳಿದನಂತೆ. ಇಡೀ ಬಸ್ಸು ನಕ್ಕಿತಂತೆ. ಮನೆಗೆ ಬಂದು ಅಣ್ಣ, ಬೈಕಿನಲ್ಲಿ ಗುಂಡಿ ಹಾರಿ ಪೆಟ್ರೋಲ್ ಟ್ಯಾಂಕಿಗೆ ಏಟು ಬಿತ್ತು ಎಂದ. ಅವತ್ತು ಅವನು ಬೈಕು ತೆಗೆದೇ ಇರಲಿಲ್ಲ.

ಸುಳ್ಳು ಒಂದು ದಿನ ನಡೆಯಿತು. ಆ ಒಂದು ದಿನ ಅಮ್ಮ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟುಕೋ ಎಂದು ಕೊಟ್ಟಳು, ಅವನು ಕೊಟ್ಟುಕೊಂಡು ನೋವಿಗೆ ತುಟಿ ಕಚ್ಚಿದ. ಮರುದಿನ ಎದ್ದು ನಿಲ್ಲಲಾಗದೆ ನಿಜ ಹೇಳಿದ. ಹೇಳಿದ ಅಂದರೆ ಕೆಳಗೆ ಊದೈತೆ ಎಂದ. ನಮ್ಮ ಮನೆಯಲ್ಲಿ ಆಗಲೂ ಆಮೇಲೂ ಆ ಅಂಗಕ್ಕೆ ಹೆಸರು ಇರಲಿಲ್ಲ. ಕೆಳಗೆ, ಅಲ್ಲಿ, ಆ ಜಾಗ. ಹೋರಿಯ ಬೀಜ ಒಡೆಸುವ ಮಾತನ್ನು ಜಗಲಿಯ ಮೇಲೆ ಕೂತು ಗಂಡಸರು ಹೆಂಗಸರು ಸೇರಿ ಮಾತಾಡುತ್ತಿದ್ದರು. ಮನೆಯ ಹುಡುಗನಿಗೆ ಅದು ಕಾಯಿಗಾತ್ರ ಊದಿ ಕೆಂಪಾದಾಗ ಯಾರ ಬಾಯಿಂದಲೂ ಪದ ಹೊರಡಲಿಲ್ಲ. ನನ್ನ ಬಾಯಿಂದಲೂ.

ದೊಡ್ಡಮ್ಮ ಮಾತ್ರ ಕಾರಣ ಕಂಡುಹಿಡಿದರು. “ಸರ ತೆಗುದ್ರೆ ಅದು ಎಲ್ಲಿಗೆ ಓಗ್ತದೆ? ಕತ್ತಲ್ಲಿ ನಿಲ್ಲಾಕೆ ಜಾಗ ಇಲ್ದೆ ಕೆಳಕ್ಕೆ ಇಳ್ದ್ಬುಟ್ಟೈತೆ.” ಅಮ್ಮ ತಲೆಯಾಡಿಸಿದಳು. ಅಂದಿನಿಂದ ಇಂದಿನವರೆಗೆ ನಮ್ಮ ಬೀದಿಯಲ್ಲಿ ಅಣ್ಣನ ರೋಗಕ್ಕೆ ಕಾರಣ ಬಂಪರು.

ರಾಮನಗರದ ಒಂದು ಆಸ್ಪತ್ರೆಗೆ ಆಟೋದಲ್ಲಿ ಹೋದೆವು. ಅಣ್ಣ ಸೀಟಿನ ಮೇಲೆ ಒರಗಿ, ಕಂಬಿ ಹಿಡಿದು, ಪ್ರತಿ ಉಬ್ಬಿಗೂ ಕಣ್ಣು ಮುಚ್ಚುತ್ತಿದ್ದ. ಒಳಗೆ ಅವನ ಜೊತೆ ಅಮ್ಮ ಹೋದಳು, ನೀನು ಹೆಣ್ಣುಮಗು ಆಚೆ ಇರು ಎಂದಳು. ಬಾಗಿಲಿಗೆ ಪರದೆ ಮಾತ್ರ ಇತ್ತು, ಡಾಕ್ಟರು ಹೇಳಿದ್ದು ಬೆಂಚಿಗೆ ಕೇಳಿಸುತ್ತಿತ್ತು. ಕೇಳಿಸುತ್ತಿತ್ತು ಎಂದುಕೊಂಡಿದ್ದೇನೆ. ಆಮೇಲೆ ನಾನು ಓದಿ ತಿಳಿದದ್ದೂ ಅವತ್ತು ಕೇಳಿದ್ದೂ ಈಗ ಒಂದರೊಳಗೊಂದು ಸೇರಿಹೋಗಿವೆ. ಕೆಪ್ಪಟೆಯ ವೈರಸ್ಸೇ ವೃಷಣಕ್ಕೂ ಬಂದಿದೆ, ದೊಡ್ಡ ವಯಸ್ಸಿನ ಗಂಡಸರಿಗೆ ಹೀಗಾಗುವುದುಂಟು, ಸರ ಹಾಕಿದ್ದಕ್ಕೂ ತೆಗೆದದ್ದಕ್ಕೂ ಸಂಬಂಧವಿಲ್ಲ, ಬಿಸಿ ಶಾಖ ಬೇಡ, ತಣ್ಣೀರ ಬಟ್ಟೆ ಇಡಿ, ಟವೆಲ್ ಸುರುಳಿ ಮಾಡಿ ಕೆಳಗೆ ಆಸರೆ ಕೊಡಿ, ಮಲಗಿರಿ. ಇಷ್ಟು ಅವತ್ತಿನದು ಎಂದು ಸುಮಾರಾಗಿ ಖಾತ್ರಿ. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆಯೂ ಸ್ವಲ್ಪ ಇದೆ ಎಂದದ್ದೂ ನೆನಪಿದೆ. ಆಮೇಲೆ ಅಮ್ಮ ಹೊರಗೆ ಬಂದು ಚೀಟಿಯನ್ನು ನನ್ನ ಕೈಗೆ ಕೊಟ್ಟಳು. ಅಮ್ಮನಿಗೆ ಓದು ಬಾರದು. ಎದುರಿನ ಮೆಡಿಕಲ್ ಅಂಗಡಿಗೆ ಹೋಗಿ ಮಾತ್ರೆ ತಂದದ್ದು ನಾನು.

ಮಾತ್ರೆಯ ಬಣ್ಣ ನೆನಪಿದೆ, ಕಿತ್ತಳೆ. ಅಂಗಡಿಯವನು ಚೀಟಿ ನೋಡಿ ನನ್ನನ್ನು ನೋಡಿ ಆಮೇಲೆ ಕಪಾಟಿನ ಕಡೆ ತಿರುಗಿದ್ದು ನೆನಪಿದೆ. ಚೀಟಿಯಲ್ಲಿ ಮಾತ್ರೆಗಳ ಕೆಳಗೆ ಒಂದು ಗೀಟು, ಗೀಟಿನ ಕೆಳಗೆ ಎರಡು ಸಾಲು ಇದ್ದವು, ಅವನ್ನು ಓದಿದ್ದು ನೆನಪಿಲ್ಲ. ಇಂಗ್ಲಿಷಿನಲ್ಲಿ ಬರೆದದ್ದನ್ನು ಸಾಲು ಬಿಡದೆ ಓದುವ ಅಭ್ಯಾಸ ನನ್ನದು. ಬಸ್ಸಿನ ಹಿಂದಿನ ಜಾಹೀರಾತನ್ನೂ ಬಿಡುತ್ತಿರಲಿಲ್ಲ.

ಹತ್ತು ದಿನಕ್ಕೆ ಅಣ್ಣ ಎದ್ದ. ಕೆಲಸ ಹೋಗಿತ್ತು, ಇನ್ನೊಬ್ಬ ಗುತ್ತಿಗೆದಾರನ ಕೈಯಲ್ಲಿ ಅದೇ ಕಾರ್ಖಾನೆಗೆ ಮತ್ತೆ ಸೇರಿದ. ಸರ ಪೊಟ್ಟಣವಾಗಿ ದೊಡ್ಡಮ್ಮನ ಮನೆಗೆ ಹೋಯಿತು. ಎರಡು ವರ್ಷದ ಮೇಲೆ ಅವನ ಮದುವೆಯಾಯಿತು. ಅತ್ತಿಗೆ ಚನ್ನಪಟ್ಟಣದ ಕಡೆಯವರು, ಪಿ.ಯು.ಸಿ. ಓದಿದ್ದರು. ಅವರ ತಂದೆ ಅರಗಿನ ಬಣ್ಣದ ಗೊಂಬೆಗಳನ್ನು ಕಡೆಯುವವರು, ಬೀಗರ ಊಟಕ್ಕೆ ಬಂದವರಿಗೆಲ್ಲ ಒಂದೊಂದು ಗಿಲಕಿ ಕೊಟ್ಟರು. ದೊಡ್ಡಮ್ಮ ತಮ್ಮ ಪಾಲಿನ ಗಿಲಕಿಯನ್ನು ಅತ್ತಿಗೆಯ ಮಡಿಲಿಗೇ ಹಾಕಿ, ವರ್ಷದೊಳಗೆ ಇದಕ್ಕೆ ಕೆಲಸ ಕೊಡವ್ವ ಎಂದರು.

ವರ್ಷ ಕಳೆಯಿತು, ಮೂರಾಯಿತು, ಐದಾಯಿತು. ಅಷ್ಟರಲ್ಲಿ ನಾನು ಕನಕಪುರದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತ ಅಲ್ಲೇ ಕೋಣೆ ಮಾಡಿಕೊಂಡಿದ್ದೆ. ಕೋಡಿಹಳ್ಳಿ ಕಡೆಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬರುವ ಹುಡುಗಿಯರಿಗೆ ಕುಟುಂಬ ಎಂಬ ಸಂಸ್ಥೆಯ ಲಕ್ಷಣಗಳನ್ನು ಬರೆಸುತ್ತಿದ್ದೆ. ತಿಂಗಳಿಗೊಮ್ಮೆ ಊರಿಗೆ ಬಂದಾಗ ಅತ್ತಿಗೆಯ ಹೊಸ ಫೈಲು ನೋಡುತ್ತಿದ್ದೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗು, ಗರ್ಭನಾಳಕ್ಕೆ ಬಣ್ಣ ಹಾಯಿಸಿ ತೆಗೆಯುವ ಎಕ್ಸ್‌ರೇ. ಅದನ್ನು ಮಾಡಿಸಿಕೊಂಡ ದಿನ ಅತ್ತಿಗೆ ಬಸ್ಸಿನಲ್ಲಿ ನಿಂತೇ ಬಂದು, ಬಂದವರೇ ಹುಳುವಿಗೆ ಸೊಪ್ಪು ಹಾಕಿದ್ದರು. ಎಲ್ಲ ಸರಿಯಾಗಿದೆ ಎಂದೇ ಪ್ರತಿ ಸಲವೂ ಬರುತ್ತಿತ್ತು. ಸರಿಯಾಗಿದ್ದರೆ ಯಾಕಾಗಿಲ್ಲ ಎಂದು ಮನೆಯಲ್ಲಿ ಮತ್ತೆ ಅವರನ್ನೇ ಕೇಳುತ್ತಿದ್ದರು. ಯಜಮಾನರದ್ದೂ ಒಂದು ಪರೀಕ್ಷೆ ಮಾಡಿಸಿ ಎಂದು ಮೂರು ಡಾಕ್ಟರುಗಳು ಅತ್ತಿಗೆಯ ಕೈಯಲ್ಲಿ ಹೇಳಿ ಕಳಿಸಿದ್ದರು. ಅಣ್ಣ ಪ್ರತಿ ಸಲವೂ ಶಿಫ್ಟು ಎಂದ.

ಒಂದು ಸಲ ನಾನು ಅಮ್ಮನ ಹತ್ತಿರ ಮಾತು ತೆಗೆದೆ. ಅಣ್ಣನಿಗೆ ಆಗ ಹಾಗಾಗಿತ್ತಲ್ಲ, ಅದರಿಂದಲೂ ಇರಬಹುದು ಎಂದೆ. ಗಂಡಸಿಗೇನು ಟೆಸ್ಟು, ಅವನಿಗೇನು ಕಮ್ಮಿಯಾಗಿದೆ, ದಿನಾ ಮೂಟೆ ಹೊರೋನು ಎಂದಳು ಅಮ್ಮ. ನಾನು ಸಿಟ್ಟಿನಲ್ಲಿ ಚೀಲ ಎತ್ತಿಕೊಂಡು ಸಂಜೆಯ ಬಸ್ಸಿಗೆ ಹೊರಟುಬಿಟ್ಟೆ. ಆ ಸಿಟ್ಟನ್ನು ದಿನಚರಿಯಲ್ಲಿ ಎರಡು ಪುಟ ಬರೆದಿದ್ದೇನೆ, ಚೆನ್ನಾಗಿಯೇ ಬರೆದಿದ್ದೇನೆ. ಹತ್ತು ಹೆಜ್ಜೆ ಹಿಂದೆ, ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ ಅತ್ತಿಗೆಗೆ ಒಂದು ಮಾತು ಹೇಳಿ ಹೋಗಬಹುದಿತ್ತು. ಅಣ್ಣನ ಮಾನ ಎಂದುಕೊಂಡೆನೋ, ನನ್ನಿಂದಲೇ ಅವನಿಗೆ ಬಂದದ್ದು ಎಂಬುದು ಹೊರಬರುತ್ತದೆ ಎಂದುಕೊಂಡೆನೋ, ಈಗ ಯಾವುದನ್ನು ಬರೆದರೂ ನನಗೆ ಅನುಕೂಲವಾದ ಕಾರಣವನ್ನೇ ಬರೆದ ಹಾಗೆ ಕಾಣುತ್ತದೆ.

ಏಳನೆಯ ವರ್ಷಕ್ಕೆ ದೊಡ್ಡಮ್ಮ ಹೆಣ್ಣು ನೋಡಿದರು. ಮಾಗಡಿ ಕಡೆ, ಗುಡೇಮಾರನಹಳ್ಳಿಯ ಹತ್ತಿರ, ಕುರಿ ಸಾಕುವ ಒಂದು ಮನೆ, ಸ್ವಲ್ಪ ವಯಸ್ಸಾದ ಹುಡುಗಿ. ಅತ್ತಿಗೆಯನ್ನು ಬಿಡುವುದಿಲ್ಲವಂತೆ, ಇವಳೂ ಇರಲಿ ಅವಳೂ ಬರಲಿ ಎಂದು. ಅತ್ತಿಗೆ ಒಪ್ಪಿಗೆ ಎಂದು ಒಂದು ಕಾಗದಕ್ಕೆ ಸಹಿ ಹಾಕಿದರೆ ಸಾಕಂತೆ. ಅಂಥ ಕಾಗದಕ್ಕೆ ಬೆಲೆಯಿಲ್ಲ, ಇದನ್ನು ಕಾನೂನು ಒಪ್ಪುವುದಿಲ್ಲ ಎಂದು ನಾನು ಫೋನಿನಲ್ಲಿ ಕೂಗಾಡಿದೆ. ದೊಡ್ಡಮ್ಮ ಶಾಂತವಾಗಿ, “ಕಾನೂನ್ಗೆ ಯಾರವ್ವ ಓಗಿ ಏಳ್ತಾರೆ, ನೀನ್ ಏಳ್ತೀಯಾ?” ಎಂದರು. ಅಣ್ಣ ಬೇಡ ಎನ್ನಲಿಲ್ಲ, ಬೇಕು ಎನ್ನಲಿಲ್ಲ. ಊಟಕ್ಕೆ ಕೂತಾಗ ಮಾತು ಬಂದರೆ ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಿದ್ದನಂತೆ.

ನಿಶ್ಚಿತಾರ್ಥದ ಶಾಸ್ತ್ರಕ್ಕೆ ಹೊರಡುವ ಹಿಂದಿನ ಭಾನುವಾರ ನಾನು ಊರಿಗೆ ಬಂದೆ, ಜಗಳ ಆಡಲೆಂದೇ. ಅಂಗಳದಲ್ಲಿ ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ದೊಡ್ಡಮ್ಮ ಜಗಲಿಯ ಮೇಲೆ ಎಲೆಡಿಕೆ ಹಾಕುತ್ತಿದ್ದರು. ಅಣ್ಣ ಬೈಕು ಒರೆಸುತ್ತಿದ್ದ. ಹೊಸ ಹುಡುಗಿಗೆ ಹಾಕಲು ದೊಡ್ಡಮ್ಮ ತಮ್ಮ ಅವಲಕ್ಕಿ ಸರವನ್ನೇ ಕೊಡುವುದಾಗಿ ತಂದಿದ್ದರು, ಪೊಟ್ಟಣ ಸಮೇತ. ಅಣ್ಣನ ನಂತರ ಬೀದಿಯಲ್ಲಿ ಯಾರಿಗೂ ಕೆಪ್ಪಟೆ ಬಂದಿರಲಿಲ್ಲವೋ, ಬಂದವರು ಇಂಗ್ಲಿಷ್ ಔಷಧಿಗೆ ಹೋದರೋ, ಅದು ಆ ವರ್ಷ ಪೆಟ್ಟಿಗೆಗೆ ಸೇರಿದ್ದು ಈಚೆಗೆ ಬಂದಿರಲಿಲ್ಲ. ಕಪ್ಪಾಗಿದೆ, ಸೀಗೆನೀರಲ್ಲಿ ಉಜ್ಜಿ ತೊಳೀಬೇಕು ಎಂದರು. ಉಜ್ಜಿ ತೊಳೆಯುವ ಕೆಲಸ ಆ ಮನೆಯಲ್ಲಿ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಪೊಟ್ಟಣವನ್ನು ಅತ್ತಿಗೆಯ ಕೈಗೆ ಕೊಟ್ಟರು. ಜಗಳಕ್ಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಒಂದು ವಾಕ್ಯವೂ ಹೊರಗೆ ಬರಲಿಲ್ಲ.

ಬಚ್ಚಲಮನೆಯಲ್ಲಿ ನೀರು ಸುರಿದ ಸದ್ದು ಕೇಳಿತು, ಆಮೇಲೆ ನಿಂತಿತು. ಅತ್ತಿಗೆ ಹೊರಗೆ ಬಂದಾಗ ಒಂದು ಕೈಯಲ್ಲಿ ಸೀಗೆನೊರೆ ಮೆತ್ತಿದ ಸರ, ಇನ್ನೊಂದರಲ್ಲಿ ಪೊಟ್ಟಣದ ಕಾಗದ, ರಾಮನಗರದ ಡಾಕ್ಟರು ಬರೆದ ಚೀಟಿ. ಅರಿಶಿನದ ಕಲೆ ಹತ್ತಿ, ಮಡಿಕೆಗಳಲ್ಲಿ ಹರಿದಿತ್ತು. ನಾಲ್ಕು ಆಸ್ಪತ್ರೆ ಅಲೆದವರಿಗೆ ಡಾಕ್ಟರುಗಳ ಕೈಬರಹ ನನಗಿಂತ ಚೆನ್ನಾಗಿ ಓದಲು ಬರುತ್ತಿತ್ತು. ಚೀಟಿಯ ಮೇಲೆ ಅಣ್ಣನ ಹೆಸರಿತ್ತು, ರೋಗದ ಹೆಸರಿತ್ತು, ಗೀಟಿನ ಕೆಳಗೆ ಮೂರು ತಿಂಗಳ ನಂತರ ವೀರ್ಯ ಪರೀಕ್ಷೆ ಮಾಡಿಸಬೇಕು, ಮದುವೆಯ ಮೊದಲು ಬಂದು ಕಾಣಬೇಕು ಎಂದಿದ್ದದ್ದನ್ನು ಅತ್ತಿಗೆ ಆಮೇಲೆ ತೋರಿಸಿದಾಗ ಕಂಡೆ.

ಅವರು ಅಣ್ಣನನ್ನು ಕೇಳಲಿಲ್ಲ, ಅಮ್ಮನನ್ನು ಕೇಳಲಿಲ್ಲ. ದೊಡ್ಡಮ್ಮನ ಮುಂದೆ ಸರ ಹಿಡಿದು ನಿಂತು ಹೇಳಿದರು.

“ನಂಗೆ ಅಲ್ಲೆಲ್ಲ ಕೈ ಹಾಕಿ ನೋಡವ್ರೆ ದೊಡ್ಡತ್ತೆ. ಯಾವತ್ತಾದ್ರೂ ಒಲ್ಲೆ ಅಂದಿದ್ದೀನಾ? ಇವ್ರೂ ಒಂದು ಸಲ ಟೆಸ್ಟ್ ಮಾಡಿಸ್ಲಿ. ಇವ್ರದು ಸರಿ ಐತೆ ಅಂತ ಬಂದ್ರೆ ನಾನೇ ಮುಂದೆ ನಿಂತು ಈ ಸರ ಅವಳ ಕೊರಳಿಗೆ ಹಾಕ್ತೀನಿ.”

“ಏನವ್ವ ಅದು ಟೆಸ್ಟು, ಗಂಡ್ಸಿಗೆ,” ಎಂದರು ದೊಡ್ಡಮ್ಮ.

“ಡಬ್ಬಿ ಕೊಡ್ತಾರೆ. ಅದಕ್ಕೇನೂ ನೋವಾಗಲ್ಲ,” ಎಂದರು ಅತ್ತಿಗೆ.

ನನಗೆ ನಗು ಬಂತು, ನಾಚಿಕೆಯೂ ಆಯಿತು. ಅಣ್ಣ ಬೈಕು ಒರೆಸುವ ಬಟ್ಟೆಯನ್ನು ಹಿಂಡುತ್ತಲೇ ಇದ್ದ, ಅದರಲ್ಲಿ ನೀರೇ ಇರಲಿಲ್ಲ. ಅಮ್ಮ ಒಂದೊಂದೇ ಕಾಳು ಬಿಡಿಸುತ್ತಿದ್ದಳು. ಯಾರೂ ಆ ಚೀಟಿಯನ್ನು ಕೈಗೆ ತೆಗೆದುಕೊಂಡು ನೋಡಲಿಲ್ಲ. ಇದರಲ್ಲಿ ಏನಿದೆ ಎಂದು ಅಮ್ಮ ಕೇಳಲಿಲ್ಲ ಎಂಬುದು ನನಗೆ ಆಮೇಲೆ, ಬಸ್ಸಿನಲ್ಲಿ ಕೂತಾಗ ಹೊಳೆಯಿತು. ಓದು ಬಾರದವಳು ಕೇಳಬೇಕಿತ್ತಲ್ಲ.

ಅಣ್ಣ ಟೆಸ್ಟು ಮಾಡಿಸಿದ. ರಾಮನಗರದಲ್ಲಿ ಗುರುತಿನವರು ಸಿಗುತ್ತಾರೆ ಎಂದು ಬೆಂಗಳೂರಿಗೆ ಹೋದ, ಅಲ್ಲಿ ಲ್ಯಾಬಿನ ಬಾಗಿಲಲ್ಲೇ ಕಾರ್ಖಾನೆಯ ಸೂಪರ್‌ವೈಸರ್ ಸಿಕ್ಕಿ, ಅವನೂ ಅದೇ ಡಬ್ಬಿ ಹಿಡಿದಿದ್ದನಂತೆ. ಇಬ್ಬರೂ ಗುರುತಿಲ್ಲದವರ ಹಾಗೆ ಬೇರೆ ಬೇರೆ ಕಡೆ ನೋಡಿದರಂತೆ. ಇದನ್ನು ಅಣ್ಣನೇ ನನಗೆ ಹೇಳಿದ್ದು. ಆ ಇಡೀ ವಿಷಯದಲ್ಲಿ ಅವನು ನನ್ನ ಹತ್ತಿರ ಆಡಿದ ಮಾತು ಅದೊಂದೇ.

ತೀರಾ ಕಡಿಮೆ ಇದೆ, ಇಲ್ಲವೇ ಇಲ್ಲ ಎಂದಲ್ಲ, ತಾನಾಗಿ ಆಗುವುದು ಕಷ್ಟ ಎಂದು ಬಂತು. ಆ ಬಾವು ಬಂದವರಿಗೆಲ್ಲ ಹೀಗಾಗುವುದಿಲ್ಲ, ಎಷ್ಟೋ ಜನಕ್ಕೆ ಏನೂ ಆಗುವುದಿಲ್ಲ, ನಿಮಗೆ ಎರಡೂ ಕಡೆ ಬಂದಿತ್ತು, ಆಗಲೇ ಬಂದಿದ್ದರೆ ಇಷ್ಟು ವರ್ಷ ಹಾಳಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಇದಕ್ಕೆ ಲಸಿಕೆಯೂ ಇತ್ತಂತೆ, ನಮ್ಮೂರಿನ ಅಂಗನವಾಡಿಗೆ ಬರುತ್ತಿದ್ದ ಚುಚ್ಚುಮದ್ದುಗಳಲ್ಲಿ ಅದು ಇರಲಿಲ್ಲ. ಮಾಗಡಿ ಕಡೆಯವರಿಗೆ ಜಾತಕ ಕೂಡಿಬರಲಿಲ್ಲ ಎಂದು ಹೇಳಿ ಕಳಿಸಿದರು. ಅತ್ತಿಗೆಯ ಬಳಿ ಯಾರೂ ಏನೂ ಹೇಳಲಿಲ್ಲ. ಏಳು ವರ್ಷ ಅವರನ್ನು ಕೇಳಿದ ಪ್ರಶ್ನೆಯನ್ನು ಅವತ್ತಿನಿಂದ ಕೇಳುವುದು ನಿಲ್ಲಿಸಿದರು, ಅಷ್ಟೇ. ತಪ್ಪಾಯಿತು ಎಂಬ ಪದಕ್ಕೂ ನಮ್ಮ ಮನೆಯಲ್ಲಿ ಆ ಅಂಗದ ಗತಿಯೇ.

ಮುಂದಿನ ಸಲ ಹೋದಾಗ ಅತ್ತಿಗೆ ಬಸ್ ನಿಲ್ದಾಣದವರೆಗೆ ನನ್ನ ಜೊತೆ ಬಂದರು. ಕೈಗಾರಿಕಾ ಪ್ರದೇಶದಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದರು, ಸಮವಸ್ತ್ರದ ಮೇಲಂಗಿ ತೋಳಿನ ಮೇಲೆ ಇತ್ತು. ಬಸ್ಸು ಬರುವುದು ಕಂಡ ಮೇಲೆ, ನಿಮಗೆ ಗೊತ್ತಿತ್ತಾ ಎಂದು ಕೇಳಿದರು. ಕಾಯಿಲೆ ಬಂದದ್ದು ಗೊತ್ತಿತ್ತು, ಚೀಟಿಯಲ್ಲಿ ಬರೆದದ್ದು ಗೊತ್ತಿರಲಿಲ್ಲ ಎಂದೆ. “ಮಾತ್ರೆ ತಂದಿದ್ದು ನೀವೇ ಅಂತೆ,” ಎಂದರು, ಬಹಳ ಮೆತ್ತಗೆ. ನಾನು ಬಸ್ಸು ಹತ್ತಿದೆ.

ಆಮೇಲೆ ಕನಕಪುರದ ಕೋಣೆಯಲ್ಲಿ ಕೂತು ಎಷ್ಟೋ ಸಲ ಆ ಹತ್ತು ದಿನಗಳನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ. ಮಾತ್ರೆ ಮುಗಿದ ಮೇಲೆ ಚೀಟಿ ನನ್ನ ಪುಸ್ತಕದೊಳಗೆ ಇತ್ತೇ, ದೇವರ ಗೂಡಿನಲ್ಲಿ ಇತ್ತೇ? ಕೆಲವು ದಿನ ನನ್ನದೇ ಬೆರಳುಗಳು ಆ ಕಾಗದವನ್ನು ಮಡಿಸಿ, ನಡುವೆ ಸರ ಸುರುಳಿಯಾಗಿ ಕೂರಿಸಿ, ಅರಿಶಿನದ ಬೇರು ಇಡುವುದು ಸ್ಪಷ್ಟವಾಗಿ ಕಾಣುತ್ತದೆ. ಕೆಲವು ದಿನ ಅವು ಅಮ್ಮನ ಬೆರಳುಗಳು, ಸೊಪ್ಪಿನ ಕರೆ ಹತ್ತಿದವು. ನಾನು ಮಡಿಸಿದ್ದರೆ ಓದಿಯೇ ಮಡಿಸಿರುತ್ತೇನೆ. ಅಮ್ಮ ಮಡಿಸಿದ್ದರೆ, ಯಾರಿಂದಲೋ ಓದಿಸಿ, ಕಣ್ಣಿಗೆ ಬೀಳದ ಜಾಗ ನೋಡಿ ಮಡಿಸಿರುತ್ತಾಳೆ. ಇಲ್ಲವೇ ಕೈಗೆ ಸಿಕ್ಕ ಕಾಗದ ಎಂದು ಮಡಿಸಿರುತ್ತಾಳೆ. ಊಹೆಗಳನ್ನೆಲ್ಲ ದಿನಚರಿಯಲ್ಲಿ ಬರೆದೆ. ಅವುಗಳಲ್ಲಿ ಯಾವುದು ನಿಜವಾದರೂ ಕಳೆದುಹೋದದ್ದು ಅತ್ತಿಗೆಯ ಏಳು ವರ್ಷ.

ಕೊನೆಗೆ ಅಮ್ಮನನ್ನೇ ಕೇಳಿದೆ. ಹುಳು ಹಣ್ಣಾಗುವ ದಿನ, ಅವಳು ಒಂದೊಂದನ್ನೇ ಎತ್ತಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುತ್ತಿದ್ದಳು. ನಾನು ಬಾಗಿಲಲ್ಲಿ ಸುಣ್ಣದ ಮೇಲೆ ನಿಂತಿದ್ದೆ. ಕೇಳಿದ್ದು ಅವಳಿಗೆ ಕೇಳಿಸಿತು, ಎತ್ತಿದ ಹುಳುವನ್ನು ಅಂಗೈಯಲ್ಲೇ ಇಟ್ಟುಕೊಂಡು ಒಂದು ಗಳಿಗೆ ನಿಂತಳು. ಆಮೇಲೆ ಅದನ್ನು ಚಂದ್ರಿಕೆಗೆ ಬಿಟ್ಟು, ಬೆಳಕಿಗೆ ಅಡ್ಡ ನಿಲ್ಲಬೇಡ ಎಂದಳು. ನಾನು ಪಕ್ಕಕ್ಕೆ ಸರಿದೆ. ಅದಾದ ಮೇಲೆ ಮೂರು ಸಲ ಕೇಳಿದ್ದೇನೆ, ಪ್ರತಿ ಸಲವೂ ಕೈಯಲ್ಲಿ ಏನೋ ಒಂದು ಕೆಲಸ ಇರುತ್ತದೆ. ಕೇಳಿದ್ದು ಇಷ್ಟೇ:

“ಅಮ್ಮ, ಆ ಚೀಟೀಲಿ ಸರ ಸುತ್ತಿದ್ದು ನೀನಾ, ನಾನಾ?”